ಕುರ್ಚಿ ಎತ್ತಿದರೆ ಮನೆಯೇ ಎದ್ದಿತು

ಅಜ್ಜಿ ಎರಡೇ ಬೆರಳಿನಿಂದ ಕುರ್ಚಿ ಎತ್ತಿದಳು. ಕುರ್ಚಿಯ ಜೊತೆ ಮನೆಯೂ ಒಂದು ಕಡೆಯಿಂದ ಮೇಲೆದ್ದಿತು.

“ಇದೇನಿದು!” ಎಂದು ಅಜ್ಜಿ ಕೈಬಿಟ್ಟಳು. ಮನೆ ಟಪ್ಪೆಂದು ಕೂತಿತು.

ಮನೆಯೆಂದರೆ ಗೊಂಬೆಮನೆ. ತೆಳು ಪ್ಲೈವುಡ್ಡಿನದು. ಎರಡಂತಸ್ತು, ಮೇಲೊಂದು ತಾರಸಿ. ಮುಂದಿನ ಗೋಡೆಯನ್ನು ಬಾಗಿಲಿನಂತೆ ತೆರೆದರೆ ನಾಲ್ಕು ಕೋಣೆಗಳು ಕಾಣುತ್ತವೆ. ಅಜ್ಜಿ ಇಂಥವನ್ನು ಮನೆಯ ಹಿಂದಿನ ಕೋಣೆಯಲ್ಲಿ ಕೂತು ಮಾಡುತ್ತಾಳೆ. ಆ ಕೋಣೆಗೆ ಹೋಗಿ ಬಂದವರ ತಲೆಯಲ್ಲೆಲ್ಲ ಮರದ ಪುಡಿ.

ಅಜ್ಜಿ ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಮಂಚವನ್ನು ಎಳೆದು ನೋಡಿದಳು. ಅಲುಗಲಿಲ್ಲ. ಒಲೆ ಎಳೆದಳು. ಅದೂ ಜಪ್ಪಯ್ಯ ಅನ್ನಲಿಲ್ಲ.

ಬಾಗಿಲ ಬಳಿ ಮೊಮ್ಮಗಳು ಚೂಟಿ ನಿಂತಿದ್ದಳು. ಅವಳ ನಿಜವಾದ ಹೆಸರು ಶಾಲೆಯ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಎರಡೂ ಕೈ ಬೆನ್ನ ಹಿಂದೆ ಇದ್ದವು.

“ಕೈ ತೋರಿಸು.”

“ಯಾಕೆ?”

“ತೋರಿಸು ಅಂದೆ.”

ಚೂಟಿಯ ಬೆರಳುಗಳ ಮೇಲೆ ಒಣಗಿದ ಅಂಟು ಸಿಪ್ಪೆಸಿಪ್ಪೆಯಾಗಿ ಏಳುತ್ತಿತ್ತು.

“ನೀನೇ ಹೇಳ್ತಿದ್ದೆ ಅಲ್ವಾ ಅಜ್ಜಿ, ಕಾರಲ್ಲಿ ಹೋಗುವಾಗ ಸಾಮಾನೆಲ್ಲ ಬೀಳುತ್ತೆ ಅಂತ! ಅದಕ್ಕೇ ಬೆಳಿಗ್ಗೆ ಒಂದೊಂದೇ ಡ್ರಾಪ್ ಹಾಕ್ದೆ. ಹೆಲ್ಪ್ ಮಾಡ್ದೆ.”

“ಒಂದೊಂದೇ ಡ್ರಾಪಾ?” ಅಜ್ಜಿ ಅಂಟಿನ ಡಬ್ಬ ಅಲುಗಾಡಿಸಿದಳು. ಅರ್ಧ ಖಾಲಿಯಾಗಿತ್ತು. “ಗೊಂಬೆಗಳಿಗೆ ಊಟಕ್ಕೂ ಇದನ್ನೇ ಬಡಿಸಿದ್ಯಾ?”

ಚೂಟಿಗೆ ನಗು ಬಂತು. ಅಜ್ಜಿ ನಗಲಿಲ್ಲ. ಗಂಟೆ ಆಗಲೇ ನಾಲ್ಕು. ಐದಕ್ಕೆ ಹಲ್ಲಿನ ಡಾಕ್ಟರು ಮಗಳನ್ನು ಕರೆದುಕೊಂಡು ಬರುವವರಿದ್ದರು. ಆರು ವರ್ಷದ ಆ ಹುಡುಗಿ ಈ ಮನೆಗಾಗಿ ಎರಡು ತಿಂಗಳಿಂದ ಕಾಯುತ್ತಿದ್ದಳು.

“ಅಲುಗಾಡದ ಸಾಮಾನು ಇಟ್ಕೊಂಡು ಆ ಮಗು ಏನು ಆಡ್ಬೇಕು? ಸುಮ್ನೆ ನೋಡ್ತಾ ಕೂತ್ಕೋಬೇಕಾ?”

ನಿಜ ಹೇಳಬೇಕೆಂದರೆ, ಚೂಟಿಗೆ ಬೇಕಾಗಿದ್ದದ್ದೂ ಅದೇ. ಹದಿನೇಳು ಸಾಮಾನುಗಳಿಗೂ ಸ್ಯಾಂಡ್‌ಪೇಪರ್ ಉಜ್ಜಿದವಳು ಅವಳು. ವಾರವೆಲ್ಲ ಅವನ್ನು ಜೋಡಿಸಿ, ತೆಗೆದು, ಮತ್ತೆ ಜೋಡಿಸಿದವಳೂ ಅವಳೇ. ಕಿಟಕಿಯ ಪಕ್ಕ ಓದುವ ಕುರ್ಚಿ, ಕುರ್ಚಿಯ ಪಕ್ಕ ದೀಪ. ಯಾರೋ ಹುಡುಗಿ ಬಂದು ಅದನ್ನೆಲ್ಲ ಎಳೆದಾಡುತ್ತಾಳೆ ಎಂದು ನೆನೆದರೇ ಹೊಟ್ಟೆ ಉರಿಯುತ್ತಿತ್ತು.

“ಬಿಸಿನೀರು ತಾ. ಹತ್ತಿ ತಾ. ಬಾಯಿ ಮುಚ್ಕೊಂಡು ತಾ,” ಎಂದಳು ಅಜ್ಜಿ.

ಬಿಸಿನೀರಿನ ಹತ್ತಿಯನ್ನು ಅಂಟಿನ ಮೇಲೆ ಒತ್ತಿ ಹಿಡಿಯಬೇಕು. ಅಂಟು ಮೆತ್ತಗಾದ ಮೇಲೆ ತೆಳು ಚಾಕು ತೂರಿಸಿ ಮೆಲ್ಲಗೆ ಮೀಟಬೇಕು. ಅವಸರ ಮಾಡಿದರೆ ಕಾಲು ಮುರಿಯುತ್ತದೆ. ಚೂಟಿ ಅವಸರ ಮಾಡಿದಳು. ಸೋಫಾದ ಕಾಲು ಮುರಿಯಿತು.

“ಸೋಫಾ ಕುಂಟಾಯ್ತು, ಅಜ್ಜಿ.”

“ಅಲ್ಲಿ ಕಡ್ಡಿ ಇದೆ, ಹೊಸ ಕಾಲು ಉಜ್ಜು. ಅದಕ್ಕೆ ಬೇಕಾದ್ರೆ ಅಂಟು ಹಾಕು, ಸಂತೋಷವಾಗಿ ಹಾಕು!”

ಹನ್ನೆರಡು ಸಾಮಾನು ಬಿಟ್ಟು ಬಂದಿದ್ದವು. ಅಷ್ಟರಲ್ಲಿ ಕಾಲಿಂಗ್ ಬೆಲ್ ಹೊಡೆಯಿತು. ಐದಕ್ಕೆ ಇನ್ನೂ ಹತ್ತು ನಿಮಿಷ ಇತ್ತು.

“ಅಂಟಿಸಿದವಳು ನೀನು. ನೀನೇ ಹೋಗಿ ಹೇಳು,” ಎಂದಳು ಅಜ್ಜಿ.

ಬಾಗಿಲವರೆಗಿನ ದಾರಿಯಲ್ಲೇ ಚೂಟಿ ಮೂರು ಸುಳ್ಳು ತಯಾರು ಮಾಡಿಕೊಂಡಳು. ಅಜ್ಜಿಗೆ ಜ್ವರ. ಪೇಂಟ್ ಒಣಗಿಲ್ಲ. ಮನೆಗೆ ಇಲಿ ಬಂದಿದೆ. ಮೂರನೆಯದು ಅವಳಿಗೇ ಬಹಳ ಇಷ್ಟವಾಯಿತು.

ಬಾಗಿಲು ತೆರೆದಳು. ಡಾಕ್ಟರ ಪಕ್ಕದಿಂದ ಪುಟ್ಟ ಹುಡುಗಿ ಇಣುಕಿದಳು. “ನನ್ನ ಮನೆ ರೆಡಿನಾ ಅಕ್ಕಾ?” ಎಂದು ಬಾಯ್ತುಂಬ ನಕ್ಕಳು. ಹಲ್ಲಿನ ಡಾಕ್ಟರ ಮಗಳಿಗೇ ಮುಂದಿನ ಎರಡು ಹಲ್ಲು ಇರಲಿಲ್ಲ.

ಮೂರು ಸುಳ್ಳೂ ಗಂಟಲಲ್ಲೇ ಉಳಿದವು.

“ರೆಡಿ. ಆದ್ರೆ... ನಾನು ಸಾಮಾನೆಲ್ಲ ಅಂಟಿಸಿಬಿಟ್ಟೆ. ಬೇಕೂಂತಲೇ. ನಾನು ಜೋಡಿಸಿದ ಹಾಗೇ ಇರ್ಲಿ ಅಂತ. ಈಗ ಒಂದೊಂದೇ ಕೀಳ್ತಿದ್ದೀವಿ.”

ಪುಟ್ಟ ಹುಡುಗಿಯ ನಗು ಮಾಯವಾಯಿತು. ಕೆಳತುಟಿ ನಡುಗತೊಡಗಿತು. ಚೂಟಿಗೆ ತನ್ನ ಮೇಲೇ ಸಿಟ್ಟು ಬಂತು.

“ಇನ್ನೆಷ್ಟು ಉಳಿದಿವೆ?” ಎಂದರು ಡಾಕ್ಟರು.

“ಐದು.”

“ಐದೇ ತಾನೆ? ನಾನು ದಿನಾ ಮಾಡೋ ಕೆಲ್ಸ. ನಡಿ,” ಎಂದು ಡಾಕ್ಟರು ಅಂಗಿಯ ತೋಳು ಮಡಚಿದರು.

ಅವರು ಮೊದಲು ಪುಟಾಣಿ ಬೀರು ಹಿಡಿದರು. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಮೆಲ್ಲಗೆ ಅಲುಗಿಸಿದರು. “ಒಂಚೂರೂ ನೋಯಲ್ಲ,” ಎಂದು ಅದಕ್ಕೆ ಹೇಳಿದರು.

“ಸುಳ್ಳು,” ಎಂದಳು ಮಗಳು.

ಬೀರು ಕಿತ್ತು ಬಂತು. ಅಜ್ಜಿ ಆಗ ನಕ್ಕಳು ನೋಡಿ, ಕನ್ನಡಕದ ಮೇಲಿದ್ದ ಮರದ ಪುಡಿಯೆಲ್ಲ ಉದುರಿತು. ಒಲೆ ಬಂತು, ದೀಪ ಬಂತು, ಕನ್ನಡಿ ಬಂತು. ಕಿಟಕಿಯ ಪಕ್ಕದ ಕುರ್ಚಿ ಮಾತ್ರ ಬರಲಿಲ್ಲ. ಚೂಟಿ ಎಲ್ಲಕ್ಕಿಂತ ಹೆಚ್ಚು ಅಂಟು ಸುರಿದದ್ದು ಅದಕ್ಕೇ.

“ಇದು ನನ್ನ ಕೈಲಿ ಆಗಲ್ಲ,” ಎಂದು ಡಾಕ್ಟರು ಸೋಲೊಪ್ಪಿಕೊಂಡರು.

ಅಷ್ಟರಲ್ಲಿ ಪುಟ್ಟ ಹುಡುಗಿ ಕೆಲಸ ಶುರುಮಾಡಿದ್ದಳು. ಸೋಫಾ ತಾರಸಿಗೆ ಹೋಯಿತು. ಮಂಚ ಅಡುಗೆಮನೆಗೆ ಬಂತು. ಚೂಟಿ ತಡೆದುಕೊಂಡಳು, ತಡೆದುಕೊಂಡಳು, ಆಮೇಲೆ ಆಗಲಿಲ್ಲ.

“ಅಡುಗೆಮನೇಲಿ ಯಾರಾದ್ರೂ ಮಂಚ ಹಾಕ್ತಾರಾ?”

“ಗೊಂಬೆ ಅಜ್ಜಿಗೆ ಮಲಗಿದ ತಕ್ಷಣ ಹಸಿವಾಗುತ್ತೆ, ಅದಕ್ಕೆ.”

ಚೂಟಿ ಯೋಚಿಸಿದಳು. ತಾನು ಒಂದು ವಾರ ಜೋಡಿಸಿದ ಮನೆಯಲ್ಲಿ ಯಾರಿಗೂ ಹಸಿವೇ ಆಗಿರಲಿಲ್ಲ.

ಪುಟ್ಟ ಹುಡುಗಿ ಕುರ್ಚಿಯನ್ನು ಎಳೆದಳು. ಮನೆಯೇ ವಾಲಿತು. “ಅಕ್ಕಾ, ಇದ್ಯಾಕೆ ಬರಲ್ಲ?”

ಅಜ್ಜಿ ಚೂಟಿಯನ್ನು ನೋಡಿದಳು. ಡಾಕ್ಟರೂ ನೋಡಿದರು.

“ಅದರಲ್ಲಿ ಒಬ್ಬಳು ಹಟಮಾರಿ ಕೂತಿದ್ದಾಳೆ,” ಎಂದಳು ಚೂಟಿ. “ಏಳಲ್ಲ ಅಂತಾಳೆ.”

ಪುಟ್ಟ ಹುಡುಗಿ ಖಾಲಿ ಕುರ್ಚಿಯನ್ನು ಬಗ್ಗಿ ನೋಡಿದಳು. “ಪಾಪ. ಎಲ್ರೂ ತಾರಸೀಲಿ ಆಡ್ತಿದ್ರೆ ಅವಳೊಬ್ಬಳೇ ಇಲ್ಲಿ ಏನು ಮಾಡ್ತಾಳೆ?”

ಚೂಟಿ ಬಚ್ಚಲಿನ ಟಬ್ಬನ್ನು ಎತ್ತಿ ತಾರಸಿಯ ಮೇಲೆ, ಸೋಫಾದ ಪಕ್ಕದಲ್ಲಿ ಇಟ್ಟಳು.

“ಈಗ ಎದ್ದಳು,” ಎಂದಳು.