ಕೇಸ್ ಪೇಪರಿನ ಹೆಸರು

ಬಾಟಲಿಯಲ್ಲಿದ್ದದ್ದು ಮೂತ್ರ ಎಂದರೆ ಯಾರೂ ನಂಬುತ್ತಿರಲಿಲ್ಲ. ಕಾಫಿ ಡಿಕಾಕ್ಷನ್ನಿನಷ್ಟು ಕಪ್ಪಗಿತ್ತು. ವಿಮಲಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿರುವಾಗಲೇ ವಾರ್ಡಿನಿಂದ ಸುದ್ದಿ ಬಂತು. ರೋಗಿ ಕಾಂತಪ್ಪ ಪೂಜಾರಿ, ವಯಸ್ಸು ಮೂವತ್ತೆಂಟು, ಬೆಳಿಗ್ಗೆ ಎಂಟೂವರೆಗೆ ತೀರಿಕೊಂಡಿದ್ದ.

1989ರ ಆಗಸ್ಟ್ ಹನ್ನೆರಡು, ಶನಿವಾರ. ಮುಂಬಯಿಯ ಪೂರ್ವ ಉಪನಗರದ ಒಂದು ಮುನ್ಸಿಪಾಲಿಟಿ ಆಸ್ಪತ್ರೆ. ಅಲ್ಲಿನ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ವಿಮಲಾ ಹದಿನೆಂಟು ವರ್ಷದಿಂದ ಇದ್ದಾಳೆ. ಮೈಸೂರು ಕಡೆಯ ಮನೆತನ, ವಡಾಲದಲ್ಲಿ ಮನೆ. ಡಾಕ್ಟರರು ಬರೆದುಕೊಟ್ಟದ್ದನ್ನು ಪರೀಕ್ಷಿಸಿ, ಸಹಿ ಹಾಕಿ, ಸುಮ್ಮನಿರುವುದು ಅವಳ ಕೆಲಸ. ಸುಮ್ಮನಿರುವುದೊಂದು ಮಾತ್ರ ಅವಳಿಗೆ ಬರಲಿಲ್ಲ.

ಹತ್ತು ಗಂಟೆಗೆ ಇನ್‌ಸ್ಪೆಕ್ಟರ್ ಕದಮ್ ಬಂದರು. ಕಾಂತಪ್ಪ ಕೆಲಸ ಮಾಡುತ್ತಿದ್ದ ಚೆಂಬೂರಿನ ರಬ್ಬರ್ ಫ್ಯಾಕ್ಟರಿಯಿಂದ ಅವರಿಗೆ ಫೋನ್ ಹೋಗಿತ್ತು. ಆಳು ಕಳ್ಳಭಟ್ಟಿ ಕುಡಿದು ಸತ್ತಿದ್ದಾನೆ, ಮಾರಿದವನನ್ನು ಹಿಡಿಯಿರಿ ಎಂದು ಅಲ್ಲಿಂದ ಹೇಳಿದ್ದರು. ಸತ್ತವನ ಮೇಲೆ ಗೂಬೆ ಕೂರಿಸುವುದು ಸುಲಭ. ಅವನು ಎದ್ದು ಬಂದು ಇಲ್ಲ ಎನ್ನುವುದಿಲ್ಲವಲ್ಲ.

ವಿಮಲಾ ಅವರನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದಳು. ಗುರುವಾರ ಕಾಂತಪ್ಪ ಅಡ್ಮಿಟ್ ಆದಾಗ ತೆಗೆದ ರಕ್ತದ ಸ್ಲೈಡು ಅದು. ಕೆಂಪುಕಣಗಳು ಇಲಿ ಕಚ್ಚಿದ ಚಪಾತಿಯ ಹಾಗೆ ಅಂಚು ಕಳೆದುಕೊಂಡಿದ್ದವು. ಕಳ್ಳಭಟ್ಟಿ ಕಣ್ಣು ತೆಗೆಯುತ್ತದೆ, ರಕ್ತವನ್ನು ಹೀಗೆ ಕಚ್ಚುವುದಿಲ್ಲ ಎಂದು ಅವಳು ಮರಾಠಿಯಲ್ಲಿ ಹೇಳಿದಳು. ಹಾಗಾದರೆ ಏನು ಕಚ್ಚಿತು ಎಂದು ಕದಮ್ ಕೇಳಿದರು.

ಅದನ್ನು ಹೇಳಿದವಳು ಹೊರಗೆ ಬೆಂಚಿನ ಮೇಲೆ ಕೂತಿದ್ದ ಕಾಂತಪ್ಪನ ಹೆಂಡತಿ ಸೇವಂತಿ.

"ಅವರು ಬೀಡಿ ಸಹ ಸೇದುವವರಲ್ಲ ಅಕ್ಕ. ಸೋಮವಾರದಿಂದ ಫ್ಯಾಕ್ಟರಿಯಲ್ಲಿ ಮಲೇರಿಯಾದ ಮಾತ್ರೆ ನುಂಗಿಸ್ತಿದ್ರು. ಬುಧವಾರ ಮೂತ್ರ ಕಪ್ಪಾಯ್ತು. ಇವರ ತಾಯಿಯ ಅಣ್ಣ ಮೋನಪ್ಪ ಮಾವನಿಗೂ ಹಿಂದೆ ಹೀಗೇ ಆದದ್ದುಂಟಂತೆ, ಜ್ವರದ ಮಾತ್ರೆ ತಗೊಂಡು. ಅವರು ಹೇಗೋ ಬದುಕಿದ್ರು."

ವಿಮಲಾಳಿಗೆ ಅಷ್ಟು ಸಾಕಿತ್ತು. ಕೆಲವರ ರಕ್ತಕಣದಲ್ಲಿ ಜಿ-ಸಿಕ್ಸ್-ಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಅವರು ಎಲ್ಲರಂತೆ ಗಟ್ಟಿಮುಟ್ಟಾಗಿ ಬಾಳಬಹುದು. ಆದರೆ ಮಲೇರಿಯಾದ ಪ್ರೈಮಾಕ್ವಿನ್ ಮಾತ್ರೆ ಹೊಟ್ಟೆಗೆ ಬಿದ್ದರೆ ಅವರ ರಕ್ತಕಣ ಒಡೆಯತೊಡಗುತ್ತದೆ. ಈ ಕೊರತೆ ತಾಯಿಯ ಕಡೆಯಿಂದ ಬರುತ್ತದೆ. ಹೆಣ್ಣು ಹೊತ್ತು ತರುತ್ತಾಳೆ, ಅವಳಿಗೆ ಹೆಚ್ಚಾಗಿ ಏನೂ ಆಗುವುದಿಲ್ಲ. ಅನುಭವಿಸುವವನು ಅವಳ ಮಗ.

ಸೇವಂತಿಯ ಪಕ್ಕದಲ್ಲಿ ಕಾಂತಪ್ಪನ ಅಕ್ಕ ವಾರಿಜಾ ಇದ್ದಳು. ಅವಳ ಒಬ್ಬನೇ ಮಗ ಚೆನ್ನಯ, ಇಪ್ಪತ್ತಾರರ ಗಟ್ಟಿ ಆಳು, ಗೋಡೆಗೆ ಒರಗಿ ನಿಂತಿದ್ದ. ಅದೇ ಫ್ಯಾಕ್ಟರಿಯ ಪ್ಯಾಕಿಂಗ್ ವಿಭಾಗ. ಮಾತ್ರೆಯನ್ನು ವಿಭಾಗದ ಪ್ರಕಾರ ಕೊಡುತ್ತಿದ್ದರು. ಕಾಂತಪ್ಪನ ಬಾಯ್ಲರ್ ವಿಭಾಗ ಮುಗಿದಿತ್ತು. ಸೋಮವಾರ ಬೆಳಿಗ್ಗೆ ಏಳಕ್ಕೆ ಪ್ಯಾಕಿಂಗ್.

ನುಂಗಬೇಡ ಎಂದಳು ವಿಮಲಾ. ನುಂಗದವನಿಗೆ ಗೇಟಿನೊಳಗೆ ಜಾಗವಿಲ್ಲ ಎಂದ ಚೆನ್ನಯ. ಅಲ್ಲದೆ ಫೆಬ್ರವರಿಯ ಕ್ಯಾಂಪಿನಲ್ಲಿ ಆರುನೂರು ಕಾಯಂ ಕೆಲಸಗಾರರ ರಕ್ತ ತೆಗೆದು ಇದೇ ಪರೀಕ್ಷೆ ಮಾಡಿಸಿದ್ದರಂತೆ. ಎಲ್ಲರದ್ದೂ ಸರಿ ಇದೆ, ಮಾವನದ್ದೂ ಸರಿ ಇದೆ ಎಂದು ಫ್ಯಾಕ್ಟರಿಯ ಡಾಕ್ಟರು ಹೇಳಿದ್ದಾರಂತೆ. ವಾರಿಜಾ ಮಗನ ಅಂಗಿಯ ತುದಿ ಹಿಡಿದುಕೊಂಡಿದ್ದಳು.

ಆ ಪರೀಕ್ಷೆಯ ಸೌಕರ್ಯ ವಿಮಲಾಳ ಲ್ಯಾಬಿನಲ್ಲಿರಲಿಲ್ಲ. ಆಸ್ಪತ್ರೆಯ ಮೂಲಕ ಹೊರಗೆ ಕಳಿಸಿದರೆ ಉತ್ತರ ಬರಲು ಎಂಟು ದಿನ. ಇದ್ದದ್ದು ಎರಡು ದಿನ.

* * *

ಫ್ಯಾಕ್ಟರಿಯ ಡಾಕ್ಟರ್ ಸತ್ಯಮೂರ್ತಿ ದೊಡ್ಡ ಮನುಷ್ಯರು. ಚೆಂಬೂರಿನ ಕನ್ನಡಿಗರ ಸಭೆಗಳಲ್ಲಿ ಮುಂದಿನ ಸಾಲಿನ ಕುರ್ಚಿ ಅವರದು. ವಿಮಲಾಳ ತಂದೆ ವೆಂಕಟಸುಬ್ಬಯ್ಯನವರಿಗೆ ಮೈಸೂರಿನಿಂದ ಪರಿಚಯ. ಮಧ್ಯಾಹ್ನ ಫ್ಯಾಕ್ಟರಿಗೆ ಬಂದ ಅವಳನ್ನು ಕೂರಿಸಿ ಕಾಫಿ ತರಿಸಿದರು.

"ನೀನು ನಮ್ಮ ಮನೆ ಮಗಳಿದ್ದ ಹಾಗೆ ಕಣಮ್ಮ. ಅನುಮಾನ ಬಂದ್ರೆ ತಪ್ಪಲ್ಲ. ನೋಡು."

ಅವರು ಮುಂದಿಟ್ಟದ್ದು ಘಾಟ್ಕೋಪರಿನ ಒಂದು ಸಣ್ಣ ಖಾಸಗಿ ಲ್ಯಾಬಿನ ವರದಿ. ತಾರೀಖು ಫೆಬ್ರವರಿ ಹದಿನಾಲ್ಕು. ಹೆಸರು ಕಾಂತಪ್ಪ ಕೊರಗ ಪೂಜಾರಿ. ಜಿ-ಸಿಕ್ಸ್-ಪಿಡಿ ನಾರ್ಮಲ್.

ವಿಮಲಾ ಎರಡು ಸಲ ಓದಿದಳು. ಮೊಹರು, ಸಹಿ ಎಲ್ಲ ಇತ್ತು. ಚೆನ್ನಯನ ವರದಿ ಎಲ್ಲಿ ಎಂದು ಕೇಳಿದಾಗ, ನಾರ್ಮಲ್ ಇದ್ದ ಕಾಗದಗಳನ್ನೆಲ್ಲ ಯಾರು ಇಟ್ಟುಕೊಳ್ಳುತ್ತಾರೆ ಎಂದು ಡಾಕ್ಟರು ನಕ್ಕರು. ಗೇಟು ದಾಟಿ ಬಸ್ ಸ್ಟಾಪಿಗೆ ಬಂದ ಮೇಲೆ ಅವಳಿಗೆ ತಾಗಿತು. ಹಾಗಾದರೆ ಆರುನೂರು ನಾರ್ಮಲ್‌ಗಳಲ್ಲಿ ಸತ್ತವನದ್ದೊಂದೇ ಕಾಗದ ಇವರ ಕೈಯಲ್ಲಿ ಉಳಿದದ್ದು ಹೇಗೆ?

* * *

ಭಾನುವಾರ ಅವಳು ಕಾಂತಪ್ಪನ ಚಾಳಿಗೆ ಹೋದಳು. ವರದಿಯ ಮಾತು ಎತ್ತಿದಾಗ ಸೇವಂತಿ ಪೆಟ್ಟಿಗೆಯಿಂದ ಅವನ ಫ್ಯಾಕ್ಟರಿ ಕಾರ್ಡು ತೆಗೆದುಕೊಟ್ಟಳು. ಅದರಲ್ಲಿದ್ದದ್ದು ಕಾಂತಪ್ಪ ಮೋನಪ್ಪ ಪೂಜಾರಿ. ರೇಷನ್ ಕಾರ್ಡಿನಲ್ಲೂ ಅದೇ.

"ಕೊರಗ ಯಾರು?" ಎಂದಳು ವಿಮಲಾ.

"ಇವರ ತಂದೆ. ಇವರು ಸಣ್ಣವರಿರುವಾಗಲೇ ತೀರಿಹೋದದ್ದು. ನಮ್ಮಲ್ಲಿ ಅಳಿಯಕಟ್ಟು ಅಲ್ವಾ ಅಕ್ಕ, ಮಾವನೇ ಎಲ್ಲ. ಮೋನಪ್ಪ ಮಾವನೇ ಇವರನ್ನು ಬೊಂಬಾಯಿಗೆ ಕರ್ಕೊಂಡು ಬಂದದ್ದು, ಫ್ಯಾಕ್ಟರಿಗೆ ಸೇರಿಸಿದ್ದು. ಅದಕ್ಕೆ ಎಲ್ಲ ಕಡೆ ಮಾವನ ಹೆಸರು. ಮೊನ್ನೆ ಆಸ್ಪತ್ರೆಯಲ್ಲಿ ಮಾತ್ರ ಕೇಸ್ ಪೇಪರಿಗೆ ತಂದೆಯದ್ದೇ ಬೇಕು ಅಂದ ಕ್ಲಾರ್ಕ್. ನಾನು ಕೊರಗ ಅಂತ ಬರೆಸಿದೆ. ತಪ್ಪಾಯ್ತಾ?"

ತಪ್ಪಾಗಿರಲಿಲ್ಲ. ಮುಂಬಯಿಯಲ್ಲಿ ಇಪ್ಪತ್ತು ವರ್ಷ ಯಾವ ಕಾಗದದಲ್ಲೂ ಇಲ್ಲದ ಹೆಸರು ಮೊದಲ ಬಾರಿಗೆ ಬರೆಯಲ್ಪಟ್ಟದ್ದು ಆಗಸ್ಟ್ ಹತ್ತು, ಗುರುವಾರ. ಆ ಹೆಸರು ಫೆಬ್ರವರಿಯ ವರದಿಯಲ್ಲಿ ಹೇಗೆ ಬಂತು?

ಅವಳು ನೇರ ಆಸ್ಪತ್ರೆಗೆ ಹೋಗಿ ವಾರ್ಡಿನ ಆಯಾ ರುದ್ರವ್ವನನ್ನು ಹಿಡಿದಳು. ಅಡ್ಮಿಟ್ ಆದ ಮೇಲೆ ಕಾಂತಪ್ಪನನ್ನು ನೋಡಲು ಯಾರು ಬಂದಿದ್ದರು?

"ಶುಕ್ರವಾರ ಕಂಪನಿ ಡಾಕ್ಟರ್ ಬಂದಿದ್ರರಿ ಬಾಯಾರ," ಎಂದಳು ರುದ್ರವ್ವ. "ಸಿರಿಂಜಿನ್ಯಾಗ ರಕ್ತ ತಗೊಂಡ್ರು. ಕಾಟಿಗೆ ತೂಗ್ ಹಾಕಿದ್ದ ಕೇಸ್ ಪೇಪರ್ ನೋಡಿ ಬಾಟ್ಲಿ ಮ್ಯಾಲೆ ಹೆಸರು ಬರ್ಕೊಂಡ್ರು. ನಾನ ಬಾಟ್ಲಿ ಹಿಡದಿದ್ನಿ."

ಸಂಜೆ ಐದಕ್ಕೆ ವಿಮಲಾ ಕದಮ್ ಅವರ ಠಾಣೆಯಲ್ಲಿದ್ದಳು.

* * *

ಸೋಮವಾರ ಆರೂವರೆ. ಕ್ಯಾಂಟೀನಿನಲ್ಲಿ ಪ್ಯಾಕಿಂಗ್ ವಿಭಾಗದವರು ಆಗಲೇ ಸಾಲು ನಿಲ್ಲುತ್ತಿದ್ದರು. ಡಾಕ್ಟರರ ಕೋಣೆಯಲ್ಲಿ ಕದಮ್ ಕುರ್ಚಿ ಎಳೆದು ಕೂತರು. ವಿಮಲಾ ಕೂರಲಿಲ್ಲ. ವಿಷಯವನ್ನು ಒಂದೊಂದಾಗಿ ಬಿಡಿಸಿಟ್ಟಳು.

ಹೆಸರಿನ ಕಥೆ ಮೊದಲು. ಫ್ಯಾಕ್ಟರಿಯಲ್ಲಿ ಕಾಂತಪ್ಪ ಮೋನಪ್ಪ. ಕ್ಯಾಂಪಿನಲ್ಲಿ ರಕ್ತ ತೆಗೆದಿದ್ದರೆ ಆ ಹೆಸರೇ ಇರಬೇಕಿತ್ತು. ಕೊರಗ ಎಂಬುದು ಆಸ್ಪತ್ರೆಯ ಮಂಚದ ಕೇಸ್ ಪೇಪರಿನಲ್ಲಿ ಮಾತ್ರ ಇತ್ತು. ಹಾಗಾದರೆ ಈ ರಕ್ತ ತೆಗೆದದ್ದು ಆ ಮಂಚದಿಂದ, ಶುಕ್ರವಾರ. ತಾರೀಖು ಮಾತ್ರ ಫೆಬ್ರವರಿಯದು ಹಾಕಿಸಿದ್ದು. ನಡುವಿನ ಹೆಸರು ತಂದೆಯದೇ ಇರುತ್ತದೆ ಎಂದು ಮೈಸೂರಿನವರಾದ ಡಾಕ್ಟರು ಕಣ್ಣುಮುಚ್ಚಿ ಬರೆದುಕೊಂಡಿದ್ದರು. ತಮ್ಮ ಕೆಲಸಗಾರನ ಕಾರ್ಡನ್ನು ಅದರ ಪಕ್ಕಕ್ಕಿಟ್ಟು ನೋಡಿದ್ದರೆ ಸಿಕ್ಕಿಬೀಳುತ್ತಿರಲಿಲ್ಲ.

"ನಾರ್ಮಲ್ ಬಂದಿದೆಯಲ್ಲ?" ಎಂದರು ಸತ್ಯಮೂರ್ತಿ. "ಯಾವತ್ತು ತೆಗೆದ್ರೇನು, ರಕ್ತ ಅವನದ್ದೇ."

"ಅವನದ್ದಲ್ಲ ಸಾರ್. ಗುರುವಾರ ಸಂಜೆ ಅವನಿಗೆ ಎರಡು ಬಾಟಲಿ ರಕ್ತ ಹೊಂದಿಸಿ ಕೊಟ್ಟವಳು ನಾನು. ಅವನ ಸ್ವಂತದ ಕಣಗಳು ಆಗಲೇ ಒಡೆದು ಮೂತ್ರದಲ್ಲಿ ಹೋಗಿದ್ವು. ನೀವು ಪರೀಕ್ಷೆ ಮಾಡಿಸಿದ್ದು ಯಾರೋ ಪುಣ್ಯಾತ್ಮರು ದಾನ ಕೊಟ್ಟ ರಕ್ತನ. ಅದು ನಾರ್ಮಲ್ ಬರುತ್ತೆ ಅನ್ನೋದು ನಿಮಗೆ ಗೊತ್ತಿತ್ತು. ಅದಕ್ಕೇ ಬಂದ್ರಿ."

ಕದಮ್ ಕಾದು ನೋಡುವ ಜಾತಿಯವರಲ್ಲ. ಕ್ಯಾಂಪಿನ ನಿಜವಾದ ಪಟ್ಟಿ ಎಲ್ಲಿ ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಸತ್ಯಮೂರ್ತಿಯ ಕೈ ಮೇಜಿನ ಕೆಳಗಿನ ಡ್ರಾಯರಿಗೆ ಹೋಯಿತು. ಕದಮ್ ಅದನ್ನೇ ಎಳೆದರು.

ಕ್ಯಾಂಪಿನ ರಕ್ತ ಪರೀಕ್ಷೆ ಮಾಡಿದ ಬೇರೊಂದು ದೊಡ್ಡ ಲ್ಯಾಬಿನಿಂದ ಫೆಬ್ರವರಿಯಲ್ಲಿ ಬಂದ ಪತ್ರ ಅದು. ಕೆಳಗೆ ಹೆಸರಿಸಿದ ಒಂಬತ್ತು ಜನರಿಗೆ ಈ ಕಿಣ್ವದ ತೀವ್ರ ಕೊರತೆಯಿದೆ, ಪ್ರೈಮಾಕ್ವಿನ್ ಕೊಡಬಾರದು. ಮೂರನೆಯ ಹೆಸರು ಕಾಂತಪ್ಪ ಮೋನಪ್ಪ ಪೂಜಾರಿ. ವಿಮಲಾಳ ಕಣ್ಣು ಅಲ್ಲೇ ನಿಂತುಬಿಟ್ಟಿತು.

ಗೊತ್ತಿತ್ತು. ಆರು ತಿಂಗಳಿಂದ ಗೊತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಇನ್ನು ಮುಂದೆ ಈ ಮನುಷ್ಯನನ್ನು ಬಹುವಚನದಲ್ಲಿ ಕರೆಯಲು ನನ್ನ ಪೆನ್ನು ಒಪ್ಪುವುದಿಲ್ಲ.

"ಆ ಒಂಬತ್ತು ಜನರನ್ನ ಬಿಟ್ರೆ ಯಾಕೆ ಅಂತ ಯೂನಿಯನ್ ಕೇಳುತ್ತೆ," ಎಂದ ಸತ್ಯಮೂರ್ತಿ. ಧ್ವನಿಯಲ್ಲಿ ನಾಚಿಕೆಯಿರಲಿಲ್ಲ, ಬೇಸರವಿತ್ತು. "ಕ್ಯಾಂಪಿಗೆ ಬರದ ನಾನೂರು ಕಾಂಟ್ರಾಕ್ಟ್ ಜನಕ್ಕೂ ಪರೀಕ್ಷೆ ಬೇಕು ಅನ್ನುತ್ತೆ. ತಿಂಗಳಾಗುತ್ತೆ. ಅಷ್ಟರಲ್ಲಿ ಅರ್ಧ ಫ್ಯಾಕ್ಟರಿ ಮಲೇರಿಯಾದಲ್ಲಿ ಮಲಗಿರುತ್ತೆ. ಮಷಿನ್ ನಿಲ್ಲಬಾರದು ಅಂದ್ರು ಮ್ಯಾನೇಜರು. ಸಾವಿರ ಜನಕ್ಕೆ ಒಂಬತ್ತು, ವಿಮಲಾ. ಎಲ್ಲರೂ ಸಾಯೋದೂ ಇಲ್ಲ."

"ಒಂಬತ್ತು ಜನರ ಹೆಸರೂ ನಿಮ್ಮ ಕೈಯಲ್ಲಿತ್ತು," ಎಂದಳು ವಿಮಲಾ. "ಗೊತ್ತಿಲ್ಲದೆ ಕೊಂದಿದ್ರೆ ನಾನು ಇಲ್ಲಿಗೆ ಬರ್ತಾನೇ ಇರಲಿಲ್ಲ."

ಏಳು ಗಂಟೆಯ ಸೈರನ್ ಕೂಗಿತು. ಪಟ್ಟಿ ಕೈಯಲ್ಲಿ ಹಿಡಿದು ಕದಮ್ ಕ್ಯಾಂಟೀನಿಗೆ ಓಡಿದರು. ಹಿಂದೆ ವಿಮಲಾ. ಸತ್ಯಮೂರ್ತಿಯ ಪಕ್ಕದಲ್ಲಿ ಒಬ್ಬ ಹವಾಲ್ದಾರ ಉಳಿದ.

ಸಾಲಿನ ಮುಂದಿನ ನಾಲ್ಕೈದು ಜನರ ಅಂಗೈಗೆ ಆಗಲೇ ಮಾತ್ರೆ ಬಿದ್ದಿತ್ತು. ಚೆನ್ನಯ ಎರಡನೆಯವನು. ಸೂಪರ್‌ವೈಸರ್ ನೀರಿನ ಲೋಟ ಅವನತ್ತ ಚಾಚಿದ್ದ. ಯಾರೂ ನುಂಗಬಾರದು ಎಂದು ಕದಮ್ ಮರಾಠಿಯಲ್ಲಿ ಗದರಿದರು. ಇದು ಫೆಬ್ರವರಿಯ ಕ್ಯಾಂಪಿನ ಪಟ್ಟಿ, ಹೆಸರು ಕರೆದವರು ಈಚೆ ಬರಬೇಕು ಎಂದರು.

ಮೊದಲನೆಯವನು ಬಂದ. ಎರಡನೆಯವನೂ ಬಂದ.

"ಕಾಂತಪ್ಪ ಮೋನಪ್ಪ ಪೂಜಾರಿ."

ಓದುವ ಅವಸರದಲ್ಲಿ ಕದಮ್ ಅವರಿಗೆ ನೆನಪಾಗಲಿಲ್ಲ. ಯಾರೂ ಬರದಿದ್ದಾಗ ಇನ್ನಷ್ಟು ಗಟ್ಟಿಯಾಗಿ ಕೂಗಿದರು. ಸಾಲಿನಿಂದ ಚೆನ್ನಯ ಒಂದು ಹೆಜ್ಜೆ ಮುಂದೆ ಬಂದ.

"ಅವರು ನನ್ನ ಮಾವ. ಅವರನ್ನು ಫೆಬ್ರವರಿಯಲ್ಲಿ ಕರೀಬೇಕಿತ್ತು ಸಾಹೇಬ್ರೆ."

ಕದಮ್ ಕಾಗದದ ಮೇಲೆ ಬೆರಳಿಟ್ಟು ಮುಂದಿನ ಹೆಸರು ಓದಿದರು.

"ಚೆನ್ನಯ ಕಾಂತಪ್ಪ ಪೂಜಾರಿ."