ಬೆರಳು ಮುರಿದ ಕಲ್ಲುಕಪ್ಪೆ

ಕಲ್ಲುಕಪ್ಪೆಯೊಂದರ ಬಲಗಾಲಿನ ಕಿರುಬೆರಳು ಮುರಿದದ್ದು ಬುಡದಲ್ಲೋ ಗೆಣ್ಣಿನಲ್ಲೋ ಎಂಬುದು ಆ ವರ್ಷ ನೈಲ್ ನದಿಯ ದಂಡೆಯ ಮೇಲಿನ ಅತ್ಯಂತ ಗುರುತರವಾದ ಪ್ರಶ್ನೆಯಾಗಿತ್ತು. ದೊರೆಗೆ ಇದರ ಅರಿವಿರಲಿಲ್ಲ. ಕಲ್ಲುಕುಟಿಗ ಸೆಂಬಿಗೆ ಇತ್ತು.

ಕಪ್ಪೆ ಹೆರಿಗೆಯ ದೇವಿ ಹೆಕೆತಳ ಗುಡಿಯದು. ಸುಣ್ಣಕಲ್ಲಿನ ಪಾತ್ರೆ, ಬೆನ್ನಿನಲ್ಲಿ ಬಾಯಿ, ಹೊಟ್ಟೆಯೊಳಗೆ ಎಣ್ಣೆ. ಆ ಎಣ್ಣೆ ಸವರಿದರೆ ಬಸುರಿ ಸುಖವಾಗಿ ಹೆರುತ್ತಾಳೆಂದು ಊರು ನಂಬಿತ್ತು. ಸೆಂಬಿಯ ಹೆಂಡತಿ ಹೆನುತ್ ಎರಡು ಸಲ ಹೆತ್ತಿದ್ದಳು; ಎರಡು ಸಲವೂ ಮಗು ಅತ್ತಿರಲಿಲ್ಲ. ಈಗ ಮತ್ತೆ ತುಂಬುಬಸುರಿ.

“ಕಪ್ಪೆ ಎಣ್ಣೆ ಅಧಿಕಾರಿಗಳ ಮನೆಯೋರಿಗಪ್ಪಾ,” ಎಂದಿದ್ದಳು ಗುಡಿ ನೋಡಿಕೊಳ್ಳುವ ಕೆಮಿ ಅಜ್ಜಿ. “ನಿಮ್ಮಂಥೋರಿಗೆ ಮಣ್ಣಿನ ಬೋಗುಣಿ ಐತಲ್ಲ.”

“ಎರಡು ಸಲಾನೂ ಬೋಗುಣೀದೇ ಹಚ್ಚಿದ್ವಲ್ಲಜ್ಜಿ.”

“ಹಂಗಾದ್ರೆ ಮೂರನೇ ಸಲಕ್ಕೆ ರೂಢಿ ಆಗಿರ್ತೈತೆ ಬಿಡು.”

ಅಂದಿನಿಂದ ಸೆಂಬಿ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಎಣ್ಣೆಯನ್ನಷ್ಟೇ ಕದಿಯಬಹುದಿತ್ತು, ಆದರೆ ಶಕ್ತಿ ಎಣ್ಣೆಯದೋ ಕಪ್ಪೆಯದೋ ಎಂಬುದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ. ಕಪ್ಪೆಯೇ ಬೇಕು. ಕಪ್ಪೆ ಕಾಣೆಯಾದರೆ ಹುಡುಕುತ್ತಾರೆ. ಕಾಣುತ್ತಲೇ ಇರುವುದನ್ನು ಯಾರು ಹುಡುಕುತ್ತಾರೆ?

ಈರುಳ್ಳಿ ಕಾಣಿಕೆಯ ನೆಪದಲ್ಲಿ ದಿನವೂ ಗುಡಿಗೆ ಹೋಗಿ, ಅಡ್ಡಬೀಳುವಾಗ ಕಪ್ಪೆಯನ್ನು ಬೆರಳಿನಲ್ಲಿ ಅಳೆದ. ಅಂಥದೇ ಇನ್ನೊಂದು ಕಪ್ಪೆ ಕೆತ್ತಿ, ಮರಳು ಹಾಕಿ ತಾಮ್ರದ ಕೊಳವೆ ತಿರುವುತ್ತ ಹೊಟ್ಟೆ ಕೊರೆದ. ಮಸಿಗೆ ಖರ್ಜೂರದ ರಸ ಕಲಸಿ ಹೊರಮೈಗೆ ತಿಕ್ಕಿ ನೂರು ವರ್ಷ ವಯಸ್ಸು ತಂದ. ಕೊನೆಗೆ ಕಿರುಬೆರಳಿಗೆ ಒಂದೇ ಏಟು, ಹಳೆಯದರಂತೆಯೇ ಗೆಣ್ಣಿನಲ್ಲಿ. ಅದು ಅವನ ಬಾಳಿನ ಅತ್ಯುತ್ತಮ ಕೆಲಸ. ಯಾರಿಗೂ ಹೇಳುವಂತಿರಲಿಲ್ಲ ಎಂಬುದೊಂದೇ ಸಂಕಟ.

ದೇವಿಯ ದೋಣಿ ಮೆರವಣಿಗೆ ನೋಡಲು ಅಜ್ಜಿ ಹೊಳೆಗೆ ಹೋದ ಹಬ್ಬದ ಬೆಳಿಗ್ಗೆ, ಹಳೆಯ ಕಪ್ಪೆಯ ಎಣ್ಣೆಯನ್ನು ತಳದಲ್ಲೊಂದು ತೊಟ್ಟು ಉಳಿಸಿ ಹೊಸದಕ್ಕೆ ಬಗ್ಗಿಸಿ, ಹಳೆಯದನ್ನು ಮೀನಿನ ಬುಟ್ಟಿಯ ತಳದಲ್ಲಿಟ್ಟು ಮನೆಗೆ ತಂದ.

“ಏನ್ರೀ ಇದು?”

“ನಿನಗೇ. ನಾನೇ ಮಾಡಿದ್ದು.”

ಹೆನುತ್ ತಿರುಗಿಸಿ ನೋಡಿದಳು. “ಕಟ್ಕೊಂಡೋಳಿಗೆ ಮುರಿದದ್ದೇ ಆಗ್ಬೇಕಾ?”

ತಳಮಳ ಮಾತ್ರ ಇಳಿಯಲಿಲ್ಲ. ಸೆಂಬಿ ಮತ್ತೆ ದಿನವೂ ಗುಡಿಗೆ ಹೋದ. ನಾಲ್ಕನೆಯ ದಿನ ಕೆಮಿ ಅಜ್ಜಿ ಕಪ್ಪೆಯೆದುರು ಅಲುಗದೆ ಕೂತಿದ್ದಳು.

“ಏನಜ್ಜಿ, ನೆಗೆದು ಹೊಳೆಗೆ ಹೋಗ್ತೈತೆ ಅಂತ ಕಾಯ್ತಿದ್ದೀಯಾ?”

“ಅದಕ್ಕೆ ಬಾಯಾರಿಕೆ ಮಗಾ.”

ಮುದುಕಿಗೆ ಅರಳುಮರಳು ಎಂದು ಸೆಂಬಿ ನಗುತ್ತ ಹೊರಟ. ಮನೆಯಲ್ಲಿ ಹೆನುತಳಿಗೆ ನೋವು ಶುರುವಾಗಿತ್ತು. ಉಳಿಸಿದ್ದ ತೊಟ್ಟು ಎಣ್ಣೆ ಸವರಿ, ಬಸುರಿ ಕಾಲೂರಿ ಕೂರುವ ಹೆರಿಗೆಯ ಇಟ್ಟಿಗೆಗಳ ಪಕ್ಕ ಕಪ್ಪೆಯನ್ನಿಟ್ಟು ಅವನು ಬಾಗಿಲ ಹೊರಗೆ ಶತಪಥ ಹಾಕಿದ.

ಇಪ್ಪತ್ತು ವರ್ಷದಲ್ಲಿ ಸೆಂಬಿ ಬಾತು, ಮೀನು, ಕೋತಿ ಎಂದು ಮುನ್ನೂರು ಪಾತ್ರೆ ಕೊರೆದಿದ್ದ. ಒಂದರೊಳಗೂ ದಿನಗಟ್ಟಲೆ ಎಣ್ಣೆಯಿಟ್ಟು ನೋಡಿದವನಲ್ಲ. ಹೊಸ ಸುಣ್ಣಕಲ್ಲು ಮೊದಮೊದಲು ಎಣ್ಣೆ ಕುಡಿಯುತ್ತದೆ ಎಂಬುದು ಪಾತ್ರೆ ಮಾಡುವವನಿಗಲ್ಲ, ಬಳಸುವವಳಿಗೆ ಗೊತ್ತಿರುವ ಸಂಗತಿ. ಅಜ್ಜಿಯ ಅಜ್ಜಿಯ ಕಾಲದಲ್ಲೇ ಕುಡಿದು ತಣಿದಿರಬೇಕಿದ್ದ ಗುಡಿಯ ಕಪ್ಪೆಯಲ್ಲಿ ಹಬ್ಬದ ಮಾರನೆಯ ದಿನದಿಂದ ಎಣ್ಣೆ ಇಳಿಯುತ್ತಿತ್ತು. ಅಜ್ಜಿ ಹಗಲಿಡೀ ಕಣ್ಣು ಕೀಳದೆ ಕಾದಳು. ಯಾರೂ ಮುಟ್ಟಲಿಲ್ಲ, ಎಣ್ಣೆ ಇಳಿಯಿತು; ಅಂದರೆ ಕಲ್ಲು ಹೊಸದು. ಅಂಥ ಕಪ್ಪೆ ಕೊರೆಯಬಲ್ಲವನು ಊರಿಗೆ ಒಬ್ಬನೇ. ಅಜ್ಜಿ ಕಳಿಸಿದ ಕಾವಲಿನವರು ಬಂದಾಗ ಒಳಗೆ ಮಗು ಗಟ್ಟಿಯಾಗಿ ಅಳುತ್ತಿತ್ತು. ಕಪ್ಪೆ ಗುಡಿಗೆ ಹೋಯಿತು, ಸೆಂಬಿ ಕಲ್ಲುಗಣಿಗೆ ಹೋದ.