ಬಿಸಿ ಆರುವ ಮುನ್ನ

ಅಫ್ರಾ ಬಾಗಿಲು ತೆರೆದರೆ ಕೆಳಮನೆಯ ಕೊರ್ಬಿನಿಯಾನ್ ನಿಂತಿದ್ದ. ಟ್ರಾಮ್ ಓಡಿಸುವವನು, ಬೆಳಗಿನ ಪಾಳಿ ಮುಗಿಸಿ ಮಲಗಿದ್ದನೆಂದು ಕೆದರಿದ ಕೂದಲೇ ಹೇಳುತ್ತಿತ್ತು.

“ಏನ್ರೀ ಅದು ಧಬ್ ಧಬ್ ಅಂತ? ನನ್ನ ತಲೆ ಮೇಲೇ ಕುಟ್ತಾ ಇದ್ದೀರಲ್ಲ!”

ಅವಳು ಬಲಗೈಯ ಪ್ಲಾಸ್ಟರ್ ಎತ್ತಿ ತೋರಿಸಿದಳು. “ಒಂದೇ ಕೈಲಿ ಹಿಟ್ಟು ನಾದ್ತಾ ಇದ್ದೀನಿ. ಬಟ್ಟಲು ನಿಲ್ಲೋದೇ ಇಲ್ಲ. ಕ್ರಿಸ್‌ಮಸ್‌ಗೆ ಕಿಪ್ಫರ್ಲ್ ಬಿಸ್ಕತ್ತು ಆಗ್ಬೇಕಲ್ಲ.”

“ಅಂಗಡೀಲಿ ಸಿಗುತ್ತಲ್ಲ?”

ಅಕ್ಕನೂ ಫೋನಿನಲ್ಲಿ ಇದನ್ನೇ ಹೇಳಿದ್ದಳು. ಅಫ್ರಾಳಿಗೆ ರೇಗಿತು. “ಮುರಿದಿರೋದು ಕೈ. ಹಠ ಅಲ್ಲ.”

ಗಂಡ ಬಿಟ್ಟುಹೋದ ಮೇಲೆ ಅವಳು ಯಾರ ಸಹಾಯವನ್ನೂ ಕೇಳಿದವಳಲ್ಲ. ಬಾಗಿಲು ಹಾಕಿಬಿಡಬೇಕು ಅನ್ನುವಷ್ಟರಲ್ಲಿ ಅವನು ಅಂಗಿಯ ತೋಳು ಮಡಚಿ, “ಕೈ ಎಲ್ಲಿ ತೊಳೀಲಿ?” ಅಂದ.

ಬೆಣ್ಣೆ, ಬಾದಾಮಿ ಪುಡಿ, ಹಿಟ್ಟು ಅವನ ದೊಡ್ಡ ಅಂಗೈಯಲ್ಲಿ ಒಂದಾದವು. ಹಿಟ್ಟು ತಣ್ಣಗಾದ ಮೇಲೆ ಅವಳು ಎಡಗೈಯಲ್ಲೇ ಬಿದಿಗೆ ಚಂದ್ರನಂಥದೊಂದನ್ನು ಬಾಗಿಸಿ ತೋರಿಸಿದಳು. ಅವನು ಮಾಡಿದ್ದು ನೋಡಿ ನಗು ತಡೆಯಲಾಗಲಿಲ್ಲ.

“ಇದೇನ್ ಸಾರ್, ಕುದುರೆ ಲಾಳಾನಾ?”

“ಟ್ರಾಮ್ ತಿರುಗೋದು ಹೀಗೇ ಮೇಡಂ.”

ಮೊದಲ ತಟ್ಟೆ ಓವನ್‌ನಿಂದ ಹೊರಬಂತು. ವೆನಿಲ್ಲಾ ಸಕ್ಕರೆ ಉದುರಿಸಬೇಕಾದದ್ದು ಬಿಸಿಯಿರುವಾಗಲೇ. ಕಿಪ್ಫರ್ಲ್ ಮುರಿಯುವುದೂ ಆಗಲೇ. ಅವನು ಅವಸರಪಟ್ಟು ಒಂದನ್ನು ಎತ್ತಿದ. ಬೆರಳಲ್ಲೇ ಪುಡಿಯಾಯಿತು.

“ಎತ್ತಬೇಡಿ!” ಅವಳ ಎಡಗೈ ಅವನ ಮಣಿಕಟ್ಟು ಹಿಡಿಯಿತು. ಹಿಡಿದದ್ದು ಬಿಡಲು ಮರೆಯಿತು. ಅವನ ಕಿವಿ ಕೆಂಪಾದದ್ದು ಅವಳಿಗೆ ಕಂಡಿತು.

ಚೂರನ್ನು ಬಾಯಿಗೆ ಹಾಕಿಕೊಂಡು ಅವನು ಮೆಲ್ಲಗೆ ಅಂದ: “ಜನವರೀಲಿ ಮನೆ ಖಾಲಿ ಮಾಡ್ತಾ ಇದ್ದೀನಿ. ಉಲ್ಮ್‌ಗೆ, ತಮ್ಮನ ಹತ್ರ. ಈ ಆಗ್ಸ್‌ಬುರ್ಗ್‌ನಲ್ಲಿ ನನ್ನನ್ನ ಕೇಳೋರು ಯಾರಿದ್ದಾರೆ?”

ಅವಳು ಅವನ ಕೈ ಬಿಟ್ಟು ಜರಡಿಯಿಂದ ಸಕ್ಕರೆ ಉದುರಿಸತೊಡಗಿದಳು. “ಹೊರಟೋರಿಗೆ ನನ್ನ ಸದ್ದಿನ ಚಿಂತೆ ಯಾಕೆ?”

“ಸದ್ದು ಬರೀ ನೆಪ ಕಣ್ರೀ. ಮೆಟ್ಟಿಲಲ್ಲಿ ನೀವು ಸಿಕ್ಕಾಗೆಲ್ಲ ಮಾತಾಡ್ಬೇಕು ಅನ್ಸುತ್ತೆ. ‘ನಮಸ್ಕಾರ’ ಬಿಟ್ಟು ಬೇರೇನೂ ಬಾಯಿಗೆ ಬರಲ್ಲ.”

ಅಫ್ರಾ ಜರಡಿಯನ್ನು ಕೆಳಗಿಟ್ಟಳು. ಹಿಟ್ಟು ನಾದುವುದಕ್ಕೆ ಬೇಕಾದದ್ದಕ್ಕಿಂತ ಹೆಚ್ಚಿನ ಹಠ ಈ ಮಾತಿಗೆ ಬೇಕಾಯಿತು.

“ಹೋಗ್ಬೇಡಿ,” ಅಂದಳು. “ಕ್ರಿಸ್‌ಮಸ್ ಸಂಜೆ ನಮ್ಮಲ್ಲೇ ಊಟ. ಅಕ್ಕ ಬರ್ತಾಳೆ, ನೂರೆಂಟು ಪ್ರಶ್ನೆ ಕೇಳ್ತಾಳೆ. ಹೆದರ್ದೆ ಬನ್ನಿ.”

“ನೀವು ಕರೆದ್ರೆ...”

“ಈ ‘ನೀವು’ ಸಾಕು.” ಅವಳು ಅವನ ಕಣ್ಣನ್ನೇ ನೋಡಿದಳು. “ನೀನು ಅನ್ನು.”

ಅವನು ಮೀಸೆಗೆ ಹಾರಿದ್ದ ಸಕ್ಕರೆ ಒರೆಸಿಕೊಂಡ.

“ಅಫ್ರಾ,” ಅಂದ, ಮೊದಲ ಸಲ. “ನೀನು ಇರು ಅಂದ್ರೆ ಇರ್ತೀನಿ.”

“ಇರು,” ಅಂದಳು ಅವಳು.